ಕೊಳಾಯಿ ಕೆಲಸದವನ ಕೂಲಿ

ಸೋರುವ ನಲ್ಲಿಯ ಸದ್ದು ಹಗಲಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ರಾತ್ರಿ ದೀಪವಾರಿಸಿ ಮಲಗಿದ ಕೂಡಲೆ ಅದು ಮನೆಯನ್ನೆಲ್ಲ ಆಕ್ರಮಿಸಿಬಿಡುತ್ತದೆ. ಒಂದು ಹನಿ ಬಿದ್ದ ಮೇಲೆ ಮುಂದಿನ ಹನಿಗಾಗಿ ಕಾಯುವುದು. ಅದು ಬಿದ್ದೊಡನೆ ಮತ್ತೊಂದಕ್ಕಾಗಿ ಕಾಯುವುದು. ಹೀಗೆ ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ನಾನು ಕೊಳಾಯಿ ಕೆಲಸದವನನ್ನು ಕರೆಸಿದೆನು.

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ 1978ರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆ. ಗೋಡೆಗಳು ಗಟ್ಟಿಮುಟ್ಟಾಗಿವೆ. ಗೋಡೆಯೊಳಗಿನ ಕೊಳವೆಗಳ ವಿಷಯ ಮಾತ್ರ ಬೇರೆ. ಅವು ಸತುವಿನ ಲೇಪವಿದ್ದ ಕಬ್ಬಿಣದವು. ಲೇಪವು ಎಂದೋ ಸವೆದು, ನಾಲ್ವತ್ತು ವರ್ಷಕ್ಕೂ ಮೀರಿ ಒಳಗೊಳಗೇ ತುಕ್ಕು ಹಿಡಿಯುತ್ತ ಬಂದಿದ್ದವು. ಕಣ್ಣಿಗೆ ಕಾಣದ ವಸ್ತುವಿಗೆ ವಯಸ್ಸಾಗುವುದನ್ನು ಯಾರು ತಾನೆ ಗಮನಿಸುತ್ತಾರೆ!

ಕೆಲಸದವನು ಬಂದನು. ಹೆಗಲಿಗೊಂದು ಕ್ಯಾನ್ವಾಸಿನ ಚೀಲ, ಮಂಡಿಯ ಬಳಿ ಸವೆದ ಪ್ಯಾಂಟು. ಬಚ್ಚಲುಮನೆಯ ನಲ್ಲಿಯನ್ನು ಒಂದು ಸಲ ತಿರುಗಿಸಿ ನೋಡಿ, ಏನನ್ನೂ ಹೇಳದೆ ನೇರವಾಗಿ ಮಹಡಿಗೆ ಹೋಗಿ, ತೊಟ್ಟಿಯಿಂದ ಬಚ್ಚಲಿಗೆ ಬರುವ ನೀರಿನ ವಾಲ್ವನ್ನು ಮುಚ್ಚಿ ಬಂದನು. ನಲ್ಲಿಯ ತಲೆಯನ್ನು ಬಿಚ್ಚಿದನು. ಒಳಗಿನ ರಬ್ಬರ್ ವಾಷರು ಸವೆದು ಒಂದು ಕಡೆ ಸೀಳಿಹೋಗಿತ್ತು. ಅದನ್ನು ತೆಗೆದೆಸೆದು, ಹೊಸದನ್ನು ಕೂಡಿಸಿ, ಹಿಡಿಯ ಸುತ್ತ ನೂಲು ಸುತ್ತಿ, ತಿರುಗಿಸಿ ಬಿಗಿದನು. ಹನಿ ನಿಂತಿತು. ಗಡಿಯಾರ ನೋಡಿದೆ, ಹನ್ನೆರಡು ನಿಮಿಷ ಹಿಡಿದಿತ್ತು.

"ನಾನೂರು ರೂಪಾಯಿ ಸಾರ್" ಎಂದನು.

"ಏನಪ್ಪಾ, ಹತ್ತು ರೂಪಾಯಿಯ ರಬ್ಬರ್ ಬಿಲ್ಲೆಗೆ ನಾನೂರು ರೂಪಾಯಿಯೆ?" ಎಂದು ಕೇಳಿ, ಮುನ್ನೂರು ರೂಪಾಯಿಗಳನ್ನು ಅವನ ಕೈಯಲ್ಲಿಟ್ಟೆನು. ಆತನು ಮರುಮಾತಾಡದೆ ನೋಟುಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದನು. ಅಂದು ಸಂಜೆ ನಾನು ಪಕ್ಕದ ಮನೆಯ ಮೇಷ್ಟ್ರ ಮುಂದೆ ನನ್ನ ಜಯವನ್ನು ಬಣ್ಣಿಸಿದೆ. ಅವರು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಹನ್ನೆರಡು ನಿಮಿಷಕ್ಕೆ ನಾನೂರು ಎಂದರೆ ಗಂಟೆಗೆ ಎರಡು ಸಾವಿರ. ದಿನಕ್ಕೆ ಎಂಟು ಗಂಟೆ ಎಂದರೆ ಹದಿನಾರು ಸಾವಿರ! ಈ ಲೆಕ್ಕವನ್ನು ನಾನೇ ಮಾಡಿ ಅವರ ಮುಂದಿಟ್ಟೆ.

ಮೇಷ್ಟ್ರು ನಕ್ಕು, "ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ನಲ್ಲಿ ಎಷ್ಟು ಸೋರುತ್ತಿತ್ತು, ಅದನ್ನು ಲೆಕ್ಕ ಮಾಡಿದಿರಾ?" ಎಂದರು. ನಾನು ಮಾಡಿರಲಿಲ್ಲ. ಅವರೇ ಹೇಳಿದರು: ಸುಮಾರು ಇಪ್ಪತ್ತು ಹನಿಗಳು ಕೂಡಿದರೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. ಅಂದರೆ ನಾಲ್ಕು ಲೀಟರಿಗೂ ಹೆಚ್ಚು, ವರ್ಷಕ್ಕೆ ಸಾವಿರದ ಐನೂರು ಲೀಟರಿಗೂ ಹೆಚ್ಚು. ಹನಿಯು ಸಣ್ಣ ಧಾರೆಯಾಗಿ, ನಿಮಿಷಕ್ಕೆ 200 ಮಿಲಿಲೀಟರಿನ ಒಂದು ಲೋಟ ತುಂಬುವಂತಾದರಂತೂ ದಿನಕ್ಕೆ 288 ಲೀಟರ್. ನೀವೂ ನಿಮ್ಮ ಮನೆಯ ಸೋರುವ ನಲ್ಲಿಯ ಕೆಳಗೆ ಲೋಟವಿಟ್ಟು, ಗಡಿಯಾರ ಹಿಡಿದು, ಈ ಲೆಕ್ಕವನ್ನು ಪರೀಕ್ಷಿಸಿ ನೋಡಬಹುದು.

ಬೆಂಗಳೂರಿನಲ್ಲಿ ಈ ನೀರಿಗೆ ಒಂದು ಇತಿಹಾಸವಿದೆ. ನಗರಕ್ಕೆ 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ಬಂದಿತು. 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯ ನೆರವಾಯಿತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತದ ನೀರನ್ನು ತರಲಾಯಿತು; ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಈ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪುಗಳಿಂದ ಎತ್ತಲ್ಪಟ್ಟು, ಒಟ್ಟು ಸುಮಾರು 500 ಮೀಟರಿನಷ್ಟು ಮೇಲೇರಿ ಬರುತ್ತದೆ. ಒಂದು ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಬೇಕಾದರೆ, ಪಂಪಿನಲ್ಲಿ ನಷ್ಟವಾಗುವ ಶಕ್ತಿಯನ್ನು ಬಿಟ್ಟರೂ, ಸುಮಾರು 4,900 ಜೂಲ್ ಶಕ್ತಿ ವ್ಯಯವಾಗುತ್ತದೆ. ಅಷ್ಟು ಶ್ರಮಪಟ್ಟು ಬೆಟ್ಟ ಹತ್ತಿ ಬಂದ ನೀರು ನಮ್ಮ ಮನೆಯ ಹತ್ತು ರೂಪಾಯಿಯ ಬಿಲ್ಲೆಯೊಂದು ಸವೆದುದರಿಂದ ಚರಂಡಿಗೆ ಇಳಿದುಹೋಗುತ್ತಿತ್ತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಲಿಯು ಆಜ್ಞೆ ಹೊರಡಿಸಿದಾಗ, ಮೇಷ್ಟ್ರ ಲೆಕ್ಕ ಊರಿಗೆಲ್ಲ ಅರ್ಥವಾಯಿತು.

ಇಷ್ಟನ್ನು ಕೇಳಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಎರಡು ತಿಂಗಳ ತರುವಾಯ ಅಡಿಗೆಮನೆಯ ನಲ್ಲಿ ಸೋರತೊಡಗಿತು. ಹನ್ನೆರಡು ನಿಮಿಷದ ವಿದ್ಯೆ. ಅದನ್ನು ಕಣ್ಣಾರೆ ಕಂಡೂ ಇದ್ದೇನೆ. ಪದವೀಧರನಾದ ನನಗೆ ಅಷ್ಟೂ ಆಗದೆ ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಮುನ್ನೂರೈವತ್ತು ರೂಪಾಯಿ ತೆತ್ತು ಒಂದು ಪೈಪ್ ಪಾನಾವನ್ನೂ ಹತ್ತು ರೂಪಾಯಿಗೆ ಒಂದು ವಾಷರನ್ನೂ ಕೊಂಡು ತಂದೆ. ಉಳಿಸಬೇಕೆಂದಿದ್ದ ಹಣ ಅಲ್ಲಿಗೇ ಮುಗಿದಿತ್ತು. ಆದರೆ ಉತ್ಸಾಹದಲ್ಲಿದ್ದವನಿಗೆ ಲೆಕ್ಕ ಕಾಣುವುದಿಲ್ಲ.

ಸಂಜೆ ಬಿಡುವಾದಾಗ ಕೆಲಸಕ್ಕೆ ಕೈಹಾಕಿದೆ. ಮೊದಲು ವಾಲ್ವನ್ನು ಮುಚ್ಚಬೇಕೆಂಬುದು ನೆನಪಿತ್ತು. ಮಹಡಿ ಹತ್ತಿದೆ. ಅಡಿಗೆಮನೆಯ ಸಾಲಿನ ವಾಲ್ವು ಬೇರೆಯದು. ಅದನ್ನು ತಿರುಗಿಸಿ ಎಷ್ಟು ಕಾಲವಾಗಿತ್ತೋ, ಕಲ್ಲಿನಂತೆ ಕುಳಿತಿತ್ತು. ಎರಡು ಕೈ ಹಾಕಿದರೂ ಅಲುಗಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಒಂದೆರಡು ಬಿಂದಿಗೆ ನೀರು ಹೋದರೇನಂತೆ ಎಂದು ಸಮಾಧಾನ ಮಾಡಿಕೊಂಡು ಕೆಳಗಿಳಿದು ಬಂದು, ನಲ್ಲಿಯ ತಲೆಗೆ ಪಾನಾ ಹಾಕಿ ಬಲವಾಗಿ ಜಗ್ಗಿದೆ. ತಲೆ ಬಿಚ್ಚಿಕೊಳ್ಳಲಿಲ್ಲ, ಇಡೀ ನಲ್ಲಿಯೇ ತಿರುಗಿತು. ಗೋಡೆಯೊಳಗೆ 'ಕಟಕ್' ಎಂದಿತು. ನಲ್ಲಿ ನನ್ನ ಕೈಗೆ ಬಂದಿತು. ಅದರ ಹಿಂದೆಯೇ ನೀರು.

ಮುಂದಿನ ಅರ್ಧ ಗಂಟೆಯನ್ನು ವರ್ಣಿಸುವುದು ಕಷ್ಟ. ನಾನು ಗೋಡೆಗೆ ಅಂಗೈ ಒತ್ತಿ ನಿಂತಿದ್ದೆ. ನೀರು ಬೆರಳುಗಳ ಸಂದಿಯಿಂದ ಚಿಮ್ಮಿ ಎದುರಿನ ಗೋಡೆಯನ್ನು ತೊಯ್ಸುತ್ತಿತ್ತು. ಮನೆಯಾಕೆ ಹಳೆಯ ಬಟ್ಟೆಗಳನ್ನು ತುರುಕುತ್ತಿದ್ದರು. ಮಕ್ಕಳು ಬಕೆಟ್ಟುಗಳನ್ನು ಹೊತ್ತು ಓಡಾಡುತ್ತಿದ್ದರು. ಆ ವಾರ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಕೊನೆಗೆ ಮಗಳು ಕೆಲಸದವನಿಗೆ ದೂರವಾಣಿ ಮಾಡಿ ನನ್ನ ಕಿವಿಗೆ ಹಿಡಿದಳು. ಅಂದು ನೂರು ರೂಪಾಯಿ ಕಡಿಮೆ ಕೊಟ್ಟವನು ಇಂದು ಭಾನುವಾರ ಸಂಜೆ ಕರೆದರೆ ಬಂದಾನೆಯೇ ಎಂಬ ಅಳುಕು ನನ್ನಲ್ಲಿತ್ತು. ಆತನು ಹಳೆಯ ಮಾತನ್ನು ಎತ್ತಲೇ ಇಲ್ಲ. "ಸಾರ್, ನೀರು ಸ್ವಿಚ್ ಬೋರ್ಡಿನ ಕಡೆಗೆ ಹಾರುತ್ತಿದೆಯೇ? ಅಲ್ಲಿ ಯಾರೂ ಕೈಯಿಡಬೇಡಿ. ಮೊದಲು ಹೋಗಿ ಮೇನ್ ಸ್ವಿಚ್ ಆರಿಸಿ. ನೀರು ಹೋದರೆ ಹೋಗಲಿ" ಎಂದನು.

ತಿರುಗಿ ನೋಡಿದೆ. ಎದುರುಗೋಡೆಯಲ್ಲಿ ಮಿಕ್ಸಿಯ ಸ್ವಿಚ್ಚಿನಿಂದ ನೀರು ಇಳಿಯುತ್ತಿತ್ತು. ಅದರ ಕೆಳಗೆ, ತೊಯ್ದ ನೆಲದ ಮೇಲೆ, ಬರಿಗಾಲಿನಲ್ಲಿ ನನ್ನ ಮಗ ಬಕೆಟ್ ಹಿಡಿದು ನಿಂತಿದ್ದನು. ಆ ಒಂದು ಪ್ರಶ್ನೆಗೆ ಎಷ್ಟು ಕೂಲಿ ಎಂದು ನನಗೆ ಇಂದಿಗೂ ಗೊತ್ತುಮಾಡಲು ಆಗಿಲ್ಲ.

ಮುಕ್ಕಾಲು ಗಂಟೆಯಲ್ಲಿ ಆತನು ಒಬ್ಬ ಹುಡುಗನನ್ನು ಕರೆದುಕೊಂಡು ಬಂದನು. ಅಷ್ಟರಲ್ಲಿ ತೊಟ್ಟಿಯು ಬರಿದಾಗಿತ್ತು. "ಒಳ್ಳೆಯದೇ ಆಯಿತು. ಆ ಹಳೆಯ ವಾಲ್ವನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ" ಎಂದು ಆತನು ನಕ್ಕಾಗ ನನಗೂ ನಗು ಬಂದಿತು.

ಕೈದೀಪದ ಬೆಳಕಿನಲ್ಲಿ ಕೆಲಸ ಆರಂಭವಾಯಿತು. ಹುಡುಗನು ಚಾಣದಿಂದ ಬಿಳಿಯ ಬಿಲ್ಲೆಗಳ ಸಂದಿನ ಗಾರೆಯನ್ನು ಕೆರೆಕೆರೆದು, ಎರಡು ಬಿಲ್ಲೆಗಳನ್ನು ಮಾತ್ರ ಕಿತ್ತನು, ಅಕ್ಕಪಕ್ಕದವು ಮುಕ್ಕಾಗಲಿಲ್ಲ. ಗೋಡೆಯೊಳಗೆ ನೋಡಿದರೆ, ನಲ್ಲಿಗೂ ಕೊಳವೆಗೂ ನಡುವಿನ ಮೋಟು ಕೊಳವೆ ತುಕ್ಕು ತಿಂದು ಮುರಿದು, ಅದರ ಒಂದು ತುಂಡು ಕೊಳವೆಯ ಮೂಲೆಯ ಸುರುಳಿಯಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಹೇಗೆ ತೆಗೆಯುವುದು? ಹೊರಗಿನಿಂದ ಹಿಡಿಯಲು ಏನೂ ಇರಲಿಲ್ಲ. ಜಗ್ಗಿದರೆ ಮೂಲೆಯೂ ಮುರಿದು, ಇಡೀ ಗೋಡೆಯನ್ನು ಅಗೆಯಬೇಕಾಗುತ್ತಿತ್ತು. ಆತನು ಗರಗಸದ ಅಲಗೊಂದನ್ನು ಮುರಿದು, ಬಟ್ಟೆ ಸುತ್ತಿ ಹಿಡಿದು, ಆ ತುಂಡನ್ನು ಒಳಗಿನಿಂದಲೇ ಎರಡು ಕಡೆ ನಿಧಾನವಾಗಿ ಕೊಯ್ದನು. ಅಲಗು ತುಂಡಿನ ದಪ್ಪವನ್ನು ದಾಟಿ ಒಂದು ಎಳೆಯಷ್ಟು ಮುಂದೆ ಹೋದರೂ ಮೂಲೆಯ ಸುರುಳಿ ಕೆಡುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಣ್ಣು ಹೇಳಲಾರದು, ಬೆರಳೇ ಹೇಳಬೇಕು. ಇಪ್ಪತ್ತು ನಿಮಿಷದ ಮೇಲೆ ಒಂದು ಮೊಳೆಯಿಂದ ಮೆಲ್ಲಗೆ ತಟ್ಟಿದನು. ತುಂಡು ಒಳಮುಖವಾಗಿ ಕುಸಿದು ಅವನ ಅಂಗೈಗೆ ಬಿದ್ದಿತು. ಸುರುಳಿಗೆ ಒಂದು ಗೀರೂ ಆಗಿರಲಿಲ್ಲ.

"ಇದನ್ನು ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಿದೆ.

"ಒಬ್ಬ ಮೇಸ್ತ್ರಿಯ ಹತ್ತಿರ, ಸಾರ್. ಮೂರು ವರ್ಷ ಅವರ ಸಾಮಾನಿನ ಚೀಲ ಹೊತ್ತೆ. ಊಟ, ಬಸ್ಸಿನ ಚಾರ್ಜು ಬಿಟ್ಟರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಎಷ್ಟು ಮೂಲೆಗಳನ್ನು ಕೆಡಿಸಿದ್ದೇನೋ!" ಎಂದನು. ಕೆಲಸದ ನಡುವೆ ಆ ದಿನದ ಕಥೆಯನ್ನೂ ಹೇಳಿದನು. ಬೆಳಿಗ್ಗೆ ಏಳು ಗಂಟೆಗೆ ಬರಹೇಳಿದ ಮನೆಗೆ ಬೀಗ ಹಾಕಿತ್ತು. ಎರಡನೆಯ ಮನೆಯವರು ಕೆಲಸವನ್ನೆಲ್ಲ ತೋರಿಸಿ, ದರ ಕೇಳಿ, 'ನಾಳೆ ಹೇಳುತ್ತೇವೆ' ಎಂದರು. ಮತ್ತೆರಡು ಮನೆಗಳಲ್ಲಿ ಕೆಲಸ ಸಿಕ್ಕಿ ಒಂಬೈನೂರು ರೂಪಾಯಿ ಬಂದಿತ್ತು. ಅದರಲ್ಲಿ ಹುಡುಗನ ದಿನಗೂಲಿ ಆರುನೂರು. ಸ್ಕೂಟರಿನ ಪೆಟ್ರೋಲಿಗೆ ನೂರೈವತ್ತು. ಉಳಿದುದು ನೂರೈವತ್ತು ರೂಪಾಯಿ. ನಾನು ಮೇಷ್ಟ್ರ ಮುಂದಿಟ್ಟಿದ್ದ ಹದಿನಾರು ಸಾವಿರದ ಲೆಕ್ಕವು ಆ ಕ್ಷಣದಲ್ಲಿ ನೆನಪಾಗಿ ನಾಚಿಕೆಯಾಯಿತು.

ಸ್ಕಾಟ್ಲೆಂಡಿನ ಆಡಮ್ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞನು 1776ರಲ್ಲಿ ಪ್ರಕಟಿಸಿದ 'ರಾಷ್ಟ್ರಗಳ ಸಂಪತ್ತು' ಎಂಬ ಗ್ರಂಥದಲ್ಲಿ, ಒಂದೊಂದು ಕಸುಬಿಗೆ ಒಂದೊಂದು ಬಗೆಯ ಕೂಲಿ ಏಕೆ ಎಂಬುದನ್ನು ವಿಚಾರಿಸಿದ್ದಾನೆ. ಕಸುಬನ್ನು ಕಲಿಯಲು ಹಿಡಿಯುವ ಕಾಲ, ಅದರಲ್ಲಿನ ಕಷ್ಟ ಮತ್ತು ಕೊಳಕು, ಕೆಲಸ ಮಾಡುವವನಲ್ಲಿ ಇಡಬೇಕಾದ ನಂಬಿಕೆ, ಇವೆಲ್ಲವೂ ಕೂಲಿಯಲ್ಲಿ ಸೇರುತ್ತವೆ ಎಂಬುದು ಅವನ ವಾದ. ನನಗೆ ಮುಖ್ಯವಾಗಿ ಕಂಡುದು ಅವನು ಹೇಳುವ ಮತ್ತೊಂದು ಕಾರಣ. ಗಾರೆ ಕೆಲಸದವನಿಗೆ ಹಿಮ ಬಿದ್ದಾಗಲೂ ಮಳೆ ಹೊಡೆದಾಗಲೂ ಕೆಲಸವಿಲ್ಲ. ಬೇರೆ ದಿನಗಳಲ್ಲಿಯೂ ಯಾರಾದರೂ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದುದರಿಂದ ಕೆಲಸವಿದ್ದ ದಿನದ ಸಂಪಾದನೆಯು ಕೆಲಸವಿಲ್ಲದ ದಿನವನ್ನೂ ಸಾಕಬೇಕು. ಕರೆ ಬಂದೀತೋ ಬಾರದೋ ಎಂದು ಕಾಯುವ ಕಳವಳಕ್ಕೂ ಸ್ವಲ್ಪ ಪರಿಹಾರವಾಗಬೇಕು. ತಿಂಗಳ ಸಂಬಳ ಪಡೆಯುವ ನಮಗೆ ಇದು ಬೇಗ ಹೊಳೆಯುವುದಿಲ್ಲ. ನಾವು ರಜೆ ಹಾಕಿದರೂ ಸಂಬಳ ಬರುತ್ತದೆ. ಆತನಿಗೆ ಜ್ವರ ಬಂದರೆ ಒಲೆಗೂ ಜ್ವರ ಬಂದಂತೆ.

'ಪ್ಲಂಬರ್' ಎಂಬ ಹೆಸರಿನಲ್ಲಿಯೇ ಈ ಕಸುಬಿನ ಕಷ್ಟ ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ 'ಪ್ಲಂಬಂ' ಎಂದರೆ ಸೀಸ. ರಸಾಯನಶಾಸ್ತ್ರದಲ್ಲಿ ಸೀಸಕ್ಕಿರುವ 'ಪಿಬಿ' ಎಂಬ ಸಂಕೇತವೂ ಅದರಿಂದಲೇ ಬಂದುದು. ಪ್ರಾಚೀನ ರೋಮಿನವರು ಸೀಸದ ಕೊಳವೆಗಳಲ್ಲಿ ನೀರು ಹರಿಸುತ್ತಿದ್ದರು. ಸೀಸದ ಕೆಲಸ ಮಾಡುವವರ ಮೈ ಬಿಳಿಚಿಕೊಂಡಿರುವುದನ್ನು ಕಂಡು, ಮಣ್ಣಿನ ಕೊಳವೆಯೇ ಲೇಸೆಂದು ವಿಟ್ರೂವಿಯಸ್ ಎಂಬ ರೋಮನ್ ಶಿಲ್ಪಶಾಸ್ತ್ರಜ್ಞನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದನು. ಕಬ್ಬಿಣದ ಕೊಳವೆಗಳು ಬಂದ ಮೇಲೆಯೂ ಸುರುಳಿಗಳಿಗೆ ಸೆಣಬಿನ ನಾರನ್ನು ಸುತ್ತಿ ಸೀಸದ ಬಿಳಿಬಣ್ಣ ಬಳಿಯುವ ಪದ್ಧತಿ ಬಹುಕಾಲ ಉಳಿದಿತ್ತು. ಈಗ ಅದರ ಬದಲು ಟೆಫ್ಲಾನ್ ಪಟ್ಟಿ ಬಂದಿದೆ, ಕೊಳವೆಗಳೂ ಪ್ಲಾಸ್ಟಿಕ್ಕಿನವಾಗಿವೆ.

ಹಾಗೆಂದು ಈ ಕಸುಬಿನವರೆಲ್ಲ ಧರ್ಮರಾಯರೆಂದು ನಾನು ಹೇಳಲಾರೆ. ವಾಷರು ಸಾಕಾದೆಡೆ ನಲ್ಲಿಯನ್ನೇ ಬದಲಿಸಬೇಕೆನ್ನುವವರಿದ್ದಾರೆ. ತಾವು ಹೇಳಿದ ಅಂಗಡಿಯಲ್ಲೇ ಸಾಮಾನು ಕೊಳ್ಳುವಂತೆ ಮಾಡಿ, ಅಂಗಡಿಯವನಿಂದ ಕಮಿಷನ್ ಪಡೆಯುವವರೂ ಇದ್ದಾರೆ. ದಿನಗೂಲಿಗೆ ಕರೆದರೆ ಅರ್ಧ ದಿನದ ಕೆಲಸ ಒಂದು ದಿನಕ್ಕೆ ಬೆಳೆಯಬಹುದು. ಒಟ್ಟು ಇಷ್ಟೆಂದು ಗುತ್ತಿಗೆ ಕೊಟ್ಟರೆ ಒಂದು ದಿನದ ಕೆಲಸ ಅರ್ಧ ದಿನಕ್ಕೆ ಕುಗ್ಗಬಹುದು. ಯಾವ ಬಗೆಯಲ್ಲಿಯೂ ಅಪಾಯ ತಪ್ಪಿದ್ದಲ್ಲ. ಆದರೆ ಕೆಲಸಕ್ಕೆ ಮೊದಲೇ ಕೂಲಿಯನ್ನೂ ಸಾಮಾನಿನ ಬೆಲೆಯನ್ನೂ ಬೇರೆ ಬೇರೆಯಾಗಿ ಕೇಳಿ ಗೊತ್ತುಮಾಡಿಕೊಳ್ಳುವುದು, ಸಾಮಾನಿಗೆ ರಸೀದಿ ಪಡೆಯುವುದು, ತೆಗೆದುಹಾಕಿದ ಹಳೆಯ ಭಾಗವನ್ನು ಕೇಳಿ ನೋಡುವುದು, ಇವು ನಮ್ಮ ಕೈಯಲ್ಲಿವೆ. ಕೆಲಸ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಚೌಕಾಶಿ ಮಾಡುವುದು ನ್ಯಾಯವಲ್ಲ. ಮಾಡಿದ ಕೆಲಸವನ್ನು ಆತನು ಹಿಂದಕ್ಕೆ ತೆಗೆದುಕೊಂಡು ಹೋಗಲಾರನಷ್ಟೆ! ನಾನು ಮಾಡಿದ್ದುದು ಅದನ್ನೇ.

ಇನ್ನೊಂದು ಕೆಲಸವಿದೆ, ಅದಕ್ಕೆ ಎಷ್ಟು ಕೂಲಿ ಎಂದು ಕೇಳುವುದೇ ತಪ್ಪು. ಕೊಳಾಯಿ ಕೆಲಸಕ್ಕೆ ಬಂದವನನ್ನು, 'ಹೇಗೂ ಬಂದಿದ್ದೀಯಲ್ಲ, ಮಲದ ಗುಂಡಿಗೆ ಇಳಿದು ಕಟ್ಟಿಕೊಂಡಿರುವುದನ್ನು ಬಿಡಿಸಿಬಿಡು, ಐನೂರು ಹೆಚ್ಚು ಕೊಡುತ್ತೇನೆ' ಎನ್ನುವ ಮನೆಯವರುಂಟು. ಆ ಗುಂಡಿಗಳಲ್ಲಿ ಕಣ್ಣಿಗೆ ಕಾಣದ ವಿಷಾನಿಲ ತುಂಬಿರುತ್ತದೆ. ಇಳಿದವನೂ ಅವನನ್ನು ಎತ್ತಲು ಇಳಿದವನೂ ಒಟ್ಟಿಗೆ ಸತ್ತ ಪ್ರಸಂಗಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಅಂತಹ ಗುಂಡಿ, ಚರಂಡಿಗಳಿಗೆ ಇಳಿಸಕೂಡದೆಂದು 2013ರ ಕಾನೂನು ನಿಷೇಧಿಸಿದೆ. ಇಳಿಸಿದವರಿಗೆ ಸೆರೆಮನೆಯ ಶಿಕ್ಷೆಯುಂಟು. ಅದಕ್ಕೆ ಯಂತ್ರದ ವಾಹನವನ್ನೇ ಕರೆಸಬೇಕು.

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯ ಕೆಲಸ ಮುಗಿಯಿತು. ಭಾನುವಾರವಾದುದರಿಂದ ಅಂಗಡಿ ಮುಚ್ಚಿತ್ತು. ಆತನು ಅಂಗಡಿಯ ಹಿಂದೆಯೇ ವಾಸವಾಗಿದ್ದ ಯಜಮಾನನನ್ನು ಎಬ್ಬಿಸಿ ವಾಲ್ವು ಮತ್ತು ಮೋಟು ಕೊಳವೆಗಳನ್ನು ತಂದಿದ್ದನು. ರಸೀದಿಯನ್ನು ಕೇಳುವ ಮೊದಲೇ ಮುಂದಿಟ್ಟನು. ಸಾಮಾನಿಗೆ 1,140 ರೂಪಾಯಿ ಆಗಿತ್ತು. ಕೂಲಿ ಎಷ್ಟೆಂದು ಕೇಳಿದೆ. ಸಾವಿರದ ಐನೂರು ಎಂದನು. ಎಣಿಸಿ ಕೊಟ್ಟೆ. ಮೇಲೆ ನೂರರ ಒಂದು ನೋಟನ್ನು ಹಿಡಿದು, "ಅಂದು ಕಡಿಮೆ ಕೊಟ್ಟಿದ್ದೆ" ಎಂದೆ.

"ಅದು ಅಂದಿನ ಲೆಕ್ಕ, ಸಾರ್. ಅಂದೇ ಮುಗಿಯಿತು. ಕೊಡುವುದಾದರೆ ಹುಡುಗನಿಗೆ ಕೊಡಿ. ಬಿಲ್ಲೆಗಳನ್ನು ಒಡೆಯದೆ ತೆಗೆದವನು ಅವನು."

ಹೊರಡುವ ಮುನ್ನ ನನ್ನನ್ನು ಮಹಡಿಗೆ ಕರೆದೊಯ್ದು ಹೊಸ ವಾಲ್ವನ್ನು ತೋರಿಸಿದನು. ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ಪೂರ್ತಿ ತೆರೆಯಬೇಕು. ಇಲ್ಲದಿದ್ದರೆ ಕೊಳವೆಬಾವಿಯ ಗಡಸುನೀರಿನ ಸುಣ್ಣ ಕಟ್ಟಿಕೊಂಡು ಇದೂ ಹಳೆಯದರಂತೆಯೇ ಕೂತುಬಿಡುತ್ತದೆ ಎಂದನು. ನಲ್ಲಿ ಸೋರುವಾಗ ಮತ್ತಷ್ಟು ಬಿಗಿಯಾಗಿ ತಿರುಗಿಸಬಾರದೆಂದೂ, ಹಾಗೆ ಮಾಡಿದರೆ ವಾಷರು ಸೀಳಿ, ಅದು ಕೂರುವ ಹಿತ್ತಾಳೆಯ ಪೀಠವೂ ಸವೆದು, ಹತ್ತು ರೂಪಾಯಿಯಲ್ಲಿ ಹೋಗುವುದು ಹೊಸ ನಲ್ಲಿಯವರೆಗೆ ಹೋಗುತ್ತದೆಂದೂ ಹೇಳಿದನು. ಈ ಪಾಠಕ್ಕೆ ಕೂಲಿಯನ್ನು ಕೇಳಲಿಲ್ಲ.

ತಿಂಗಳ ಮೊದಲನೆಯ ಭಾನುವಾರ ಈಗ ನಾನು ತಪ್ಪದೆ ಮಹಡಿ ಹತ್ತುತ್ತೇನೆ. 1978ರ ಬಿಳಿಯ ಬಿಲ್ಲೆಗಳು ಹಳೆಯದಾಗಿ ದಂತದ ಬಣ್ಣಕ್ಕೆ ತಿರುಗಿವೆ. ಕಿತ್ತ ಎರಡರಲ್ಲಿ ಒಂದು ಮರುದಿನ ನನ್ನ ಕೈಯಿಂದಲೇ ಜಾರಿ ಒಡೆಯಿತು. ಅದರ ಜಾಗದಲ್ಲಿರುವ ಹೊಸ ಬಿಲ್ಲೆ ಮಾತ್ರ ಅಚ್ಚಬಿಳುಪಾಗಿ ಬಂದವರ ಕಣ್ಣಿಗೆಲ್ಲ ಹೊಡೆಯುತ್ತದೆ. ಮುನ್ನೂರೈವತ್ತು ರೂಪಾಯಿಯ ಪಾನಾ ಇನ್ನೂ ಅಡಿಗೆಮನೆಯಲ್ಲಿದೆ. ತೆಂಗಿನಕಾಯಿ ಒಡೆಯಲು ಅದು ಬಹಳ ಅನುಕೂಲವೆಂದು ಮನೆಯಾಕೆ ಹೇಳುತ್ತಾರೆ.